ಪೀಸಿನ ಲೆಕ್ಕವಿಲ್ಲದ ದಿನ

ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಮೂರು ದಿನ ಯುನಿಟ್ಟು ಬಂದ್.
ಬಳ್ಳಾರಿಯ ನಮ್ಮ ಓಣಿಯಲ್ಲಿ
ಮಷಿನ್ನುಗಳ ಸದ್ದಿಲ್ಲದೆ ಕಿವಿ ಗುಂಯ್ ಎಂದ ಬೆಳಗು
ಗಾದಿಲಿಂಗ ಫೋನು ಹಿಡಿದು ಬಂದ:
ನೀಲಿ ನೀರು, ಬಿಳಿ ಮರಳು, ಸಮುದ್ರದ ನಡುವೆ ದ್ವೀಪ,
ಮೂರು ರಾತ್ರಿ ನಾಲ್ಕು ಹಗಲು.
"ಅವ್ವಾ, ಮಕ್ಕಳಿಗೆ ಅರ್ಧ ರೇಟಂತೆ."
ಆ ಅರ್ಧವನ್ನು ನಾನು ಜಿಪ್ಪುಗಳಲ್ಲಿ ಎಣಿಸಿದೆ,
ಜಿಪ್ಪಿಗೆ ನಾಲ್ಕು ರೂಪಾಯಿ.
ಎಣಿಸುತ್ತ ಎಣಿಸುತ್ತ ಅವನಿಗೆ ಮೀಸೆ ಬಂತು.
ಅಲ್ಲಿಗೆ ಬಿಟ್ಟೆ.

ಬೇವಿನ ಕಡ್ಡಿ ಬಾಯಲ್ಲೇ ಇಟ್ಟುಕೊಂಡು ಅವರಪ್ಪ ಅಂದ:
"ದ್ವೀಪ ನಮ್ಮ ಕಡೆಗೂ ಐತೆ. ಕಂಪ್ಲಿ ಹತ್ರ, ಹೊಳೆ ನಡುವ.
ಹೆಸರಿಲ್ಲ. ಮಳೆಗಾಲದಾಗ ಇರಲ್ಲ,
ಬೇಸಿಗ್ಯಾಗ ಇರ್ತೈತೆ."

ಬಸ್ಸಿನಲ್ಲಿ ನನಗೂ ವನ್ನೂರಮ್ಮನಿಗೂ ಸೊನ್ನೆ ರೂಪಾಯಿ ಚೀಟಿ,
ಅಪ್ಪ ಮಗನಿಗೆ ಮಾತ್ರ ಕಾಸು.
ಅವಳು ದಾರಿಯುದ್ದ ತಮ್ಮನಿಗೆ ಆ ಸೊನ್ನೆ ತೋರಿಸಿದಳು.
ಅಂಬಿಗರ ಜಡೆಪ್ಪ ಹರಿಗೋಲು ಒತ್ತಿ ಹೇಳಿದ:
"ಹೋಗಾಕ ಇಪ್ಪತ್ತು.
ಬರೋದು ಆಮ್ಯಾಲೆ ಮಾತಾಡಾನ."
ಗಿರಗಿರ ತಿರುಗಿದೆವು, ಪರಾತದೊಳಗಿನ ನಾಲ್ಕು ಮುದ್ದೆಗಳಂತೆ,
ಒಮ್ಮೆ ಗಂಗಾವತಿ ಕಡೆ ಮುಖ, ಒಮ್ಮೆ ಕಂಪ್ಲಿ ಕಡೆ.

ಎರಡು ಜಾಲಿ ಗಿಡ, ಒಂದಿಷ್ಟು ಆಪು,
ಕುರಿ ಮಲಗಿದಂಥ ಬಂಡೆಗಳು.
ಉಳಿದದ್ದೆಲ್ಲ ಮರಳು.
"ಇಲ್ಲಿ ಏನ್ ಮಾಡ್ಬೇಕು?" ಕೇಳಿದ ಗಾದಿಲಿಂಗ,
ಜೇಬು ಒಂದು ಮೇಲೆ ಒಂದು ಕೆಳಗೆ ಹೊಲಿದ
ರಿಜೆಕ್ಟ್ ಪ್ಯಾಂಟಿನಲ್ಲಿ ಕೈ ಇಳಿಬಿಟ್ಟು.

ಯಾರೂ ಹೇಳಿಕೊಡಲಿಲ್ಲ.
ಸ್ವಲ್ಪ ಹೊತ್ತಿಗೆ ಅವರಪ್ಪನಿಗೆ ಕಾಲಿರಲಿಲ್ಲ,
ಸೊಂಟದ ತನಕ ಹೂತು, ಮೇಲೆ ಆಪಿನ ಹೂ ಚುಚ್ಚಿದ್ದರು.
ಹಸಿ ಮರಳಲ್ಲಿ ಪಾದವಿಟ್ಟು, ತಟ್ಟಿ, ಮೆಲ್ಲಗೆ ಎಳೆದು
ಹದಿನೇಳು ಗುಬ್ಬಿಗೂಡು ಕಟ್ಟಿದಳು ವನ್ನೂರಮ್ಮ.
ಎಲ್ಲದಕ್ಕೂ ಒಂದೇ ಅಳತೆಯ ಬಾಗಿಲು,
ಅವಳ ಪಾದದ್ದು.

ನೀರಂಚಿಗೆ ಹೆಜ್ಜೆ ಇದ್ದವು. "ನಾಯಿ," ಅಂದ ಇವನು.
"ಬೆರಳ ನಡುವ ತೊಗಲು ನೋಡು. ನೀರುನಾಯಿ ಅದು,"
ಅಂದ ಮರಳಿನೊಳಗಿಂದ ಅವರಪ್ಪ.
ಆ ಹೆಜ್ಜೆ ಹಿಡಿದು ಇಬ್ಬರೂ ಬಾಗಿ ಬಾಗಿ ಹೋದರು
ಬಂಡೆಯ ತನಕ, ಮೀನಿನ ಮುಳ್ಳಿನ ತನಕ,
ಮತ್ತೆ ನೀರಿನ ತನಕ.
ಮುಂದೆ ಗುರುತಿರಲಿಲ್ಲ.
ಬಿಸಿಲೇರುವಷ್ಟು ಹೊತ್ತು ಅಲ್ಲೇ ಕುಂತು ಕಾದರು.
ಅದು ಬರಲಿಲ್ಲ.

ಬಾಟಲಿ ಖಾಲಿಯಾದಾಗ ನಾನು ಚಿಲುಮೆ ತೋಡಿದೆ,
ಹಗರಿ ಹೊಳೆಯಲ್ಲಿ ನಮ್ಮವ್ವ ಕಲಿಸಿದ್ದು:
ಮೊಣಕೈ ಆಳ, ಮೊದಲ ಕಲಕು ನೀರು ಚೆಲ್ಲಿ,
ಎರಡನೆಯದನ್ನೂ ಚೆಲ್ಲಿ, ಸುಮ್ಮನೆ ಕಾಯಬೇಕು.
ತಿಳಿಯಾಗಿ ಜಿನುಗಿತು.
ಬೊಗಸೆಯಲ್ಲಿ ನನ್ನ ಉಗುರಿನ ನೀಲಿ ಕಂಡು ಹುಡುಗ
"ನಿನ್ನ ಕೈಯಾಗ ಸಮುದ್ರದ ಬಣ್ಣ ಐತೆ," ಅಂದ,
ಕುಡಿದ, ಕೆಮ್ಮಿದ, ಕೇಳಿದ:
"ಸಮುದ್ರದ ದಂಡ್ಯಾಗ ತೋಡಿದರೂ ಹಿಂಗ ಸಿಹಿ ಬರ್ತೈತೇನು?"
ನನಗೆ ಗೊತ್ತಿಲ್ಲ. ಸಮುದ್ರವನ್ನು ನಾನು ನೋಡಿಲ್ಲ.

ಚಪ್ಪಟೆ ಕಲ್ಲು ಹುಡುಕಿ ಎಸೆಯತೊಡಗಿದರು.
ಹುಡುಗನದು ಬುಳಕ್. ಹುಡುಗಿಯದು ಎರಡು. ಗಂಡನದು ಮೂರು.
ನಾನು ಸೆರಗು ಸಿಕ್ಕಿಸಿ, ಮಣಿಕಟ್ಟು ಹೊರಳಿಸಿ ಬಿಟ್ಟೆ,
ದಿನವೂ ದಪ್ಪ ಬಟ್ಟೆಯನ್ನು ಸೂಜಿಯಡಿ ಹೊರಳಿಸುವ ಮಣಿಕಟ್ಟು.
ಒಂದು, ಎರಡು, ಮೂರು, ನಾಲ್ಕು,
ತಡವಾಗಿ, ಇನ್ನೊಂದು.
ಮೂವರೂ ನನ್ನನ್ನು ಹೊಸಬಳನ್ನು ನೋಡಿದಂತೆ ನೋಡಿದರು.

ಸಂಜೆಗೆ ವನ್ನೂರಮ್ಮ ಕೂಗಿದಳು:
"ನೀರು ಹತ್ತಿ ಬರ್ತೈತೆ! ಫೋನಿನಾಗಿನ ಸಮುದ್ರದಂಗೆ!"
ಮೇಲೆ ಡ್ಯಾಮಿನವರು ಬಿಟ್ಟಿರಬೇಕು.
ಒಂದು ಗೇಣು, ಮತ್ತೊಂದು ಗೇಣು.
ಹದಿನೇಳರಲ್ಲಿ ಆರು ಗೂಡು ಕರಗಿದವು.
ಜಡೆಪ್ಪ ಬೇಗನೇ ಬಂದ,
ಆಮೇಲೆ ಮಾತಾಡುವುದನ್ನು ಮರೆತು
ಹುಡುಗನ ಕೈಗೆ ಹುಟ್ಟು ಕೊಟ್ಟ.
ದಡದಲ್ಲಿ ನೆನಪಿಸಿಕೊಂಡು ಹತ್ತು ಮಾತ್ರ ತಗೊಂಡ.
"ಅರ್ಧ ರೇಟು," ಅಂದ ಗಾದಿಲಿಂಗ.

ಕರೆಂಟು ಬಂತು. ಯುನಿಟ್ಟು ತೆರೆಯಿತು.
ಎರಡನೆಯ ಬಂಡಲಿಗೆ ಲೆಕ್ಕ ತಪ್ಪಿ ಸುಮ್ಮನೆ ಹೊಲಿಯುತ್ತಿದ್ದೆ.
ಸೂಪರ್‌ವೈಸರ್ ಬೆನ್ನ ಹಿಂದೆ ನಿಂತು ಕೇಳಿದ,
"ಎಷ್ಟಾಯ್ತಮ್ಮಾ?"
"ಐದು," ಅಂದೆ.
ನಲವತ್ತಾಗಿತ್ತು.